ಬ್ರೇಕ್ ಮೇಷ್ಟ್ರ ವಿಟಮಿನ್

ಬ್ರೇಕ್ ಮೇಷ್ಟ್ರಿಗೆ ಸಿಟ್ಟು ಬರುತ್ತಿರಲಿಲ್ಲ. ಅದು ಅವರ ದೊಡ್ಡ ಗುಣವೆಂದು ಊರು ಹೇಳುತ್ತಿತ್ತು. ದೊಡ್ಡ ರೋಗವೆಂದು ಅವರ ಭಾವಮೈದುನ ಹೇಳುತ್ತಿದ್ದ. ಭಾವಮೈದುನನ ಮಾತಿಗೇ ತೂಕ ಹೆಚ್ಚು. ಏಕೆಂದರೆ ಡ್ರೈವಿಂಗ್ ಸ್ಕೂಲು ಅವನದು, ಕಾರು ಅವನದು, ಕಾರಿನ ತಲೆಯ ಮೇಲಿನ ಬೋರ್ಡೂ ಅವನದು. ಮೇಷ್ಟ್ರದು ಎಂದು ಇದ್ದದ್ದು ಬಲಗಾಲು ಮಾತ್ರ.

ಆದರೆ ಆ ಕಾಲು ಸಾಮಾನ್ಯದ್ದಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ಮೊದಲು ಬೈಯುವುದು, ಕೊನೆಗೆ ಅದನ್ನು ಒತ್ತುವುದು ಲೋಕದ ಪದ್ಧತಿ. ಮೇಷ್ಟ್ರು ಬೈಯುವ ಭಾಗವನ್ನು ಕೈಬಿಟ್ಟು ಬರೀ ಒತ್ತುತ್ತಿದ್ದರು. ಒತ್ತಿ ಒತ್ತಿ ಅವರ ಕಾಲಡಿಯ ರಬ್ಬರ್ ಮ್ಯಾಟು ತೂತಾಗಿತ್ತು. ಅವರ ಪಕ್ಕದಲ್ಲಿ ಕೂತು ಕಲಿತವರು ತಮಗೆ ಕಾರು ಓಡಿಸಲು ಬಂದೇಬಿಟ್ಟಿತೆಂದು ಹಿಗ್ಗುತ್ತಿದ್ದರು. ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಾಗ, ಕಾರು ತಾನಾಗಿ ನಿಲ್ಲುವ ವಸ್ತುವಲ್ಲ ಎಂಬ ಸತ್ಯ ಗೋಡೆಯ ರೂಪದಲ್ಲಿ ಎದುರಿಗೆ ಬರುತ್ತಿತ್ತು.

“ಭಾವ, ಒಂದ್ಸಲ ಆದ್ರೂ ಗದರಿಸಿ ಅವ್ರನ್ನ,” ಎಂದು ಭಾವಮೈದುನ ಟೈರ್ ಅಂಗಡಿಯ ಪಕ್ಕದ ತನ್ನ ಒಂದೇ ಕೋಣೆಯ ಆಫೀಸಿನಲ್ಲಿ ಕೂತು ಗೋಗರೆಯುತ್ತಿದ್ದ. “ನೀವು ಕಾರು ಕಲಿಸ್ತಿಲ್ಲ, ಜನರನ್ನ ಸುತ್ತಾಡಿಸ್ಕೊಂಡು ಬರ್ತಿದೀರಿ.”

“ಪಾಪ, ಹೆದರ್ಕೋತಾರೆ ಕಣೋ.”

“ಹೆದರ್ಕೊಳ್ಳೋಕೇ ದುಡ್ಡು ಕೊಟ್ಟು ಬರೋದು ಭಾವ.”

ಸಿಟ್ಟಿಲ್ಲದ ಈ ಮನುಷ್ಯನಿಗೆ ಭಯ ಮಾತ್ರ ಒಂದಿತ್ತು. ಅವರ ಅಣ್ಣ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಗ್ಗೆ, ಶೂ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಹೃದಯಾಘಾತ. ಈಗ ಮೇಷ್ಟ್ರು ಆ ವಯಸ್ಸಿನ ಹೊಸ್ತಿಲಿಗೆ ಬಂದಿದ್ದರು. ಅಣ್ಣನ ವಯಸ್ಸನ್ನು ದಾಟಿಬಿಟ್ಟರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದು ಅವರು ಹೆಂಡತಿಯ ಮುಂದೆ ಹೇಳುತ್ತಿದ್ದರು. ಹಾಗೆ ಹೇಳಿದ ದಿನದಿಂದ ಲೇಸು ಕಟ್ಟುವ ಶೂ ಬಿಟ್ಟು ಚಪ್ಪಲಿ ಹಾಕಿಕೊಳ್ಳತೊಡಗಿದ್ದರು. ಮುನ್ನೆಚ್ಚರಿಕೆ ಎಂದರೆ ಹೀಗಿರಬೇಕು.

ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವರು. ಅವರೇ ಬಲವಂತ ಮಾಡಿ ಮೇಷ್ಟ್ರನ್ನು ರಕ್ತಪರೀಕ್ಷೆಗೆ ಕರೆದೊಯ್ದರು. ಕೊಲೆಸ್ಟ್ರಾಲ್ ಹೆಚ್ಚಿತ್ತು. ಡಾಕ್ಟರಮ್ಮ ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು.

“ಎಷ್ಟು ದಿನ ತಗೋಬೇಕು ಡಾಕ್ಟ್ರೇ?”

“ದಿನಾ.”

“ದಿನಾ ಸರಿ. ಎಷ್ಟು ದಿನ?”

“ಇರೋವರೆಗೂ.”

ಇರೋವರೆಗೂ ಎಂಬ ಮಾತು ಮೇಷ್ಟ್ರ ಎದೆಗೆ ನಾಟಿತು. ಮಾತ್ರೆ ಶುರು ಮಾಡಿದರೆ ತಾನೇ ಆ ‘ಇರೋವರೆಗೂ’ ಶುರುವಾಗುವುದು? ಶುರುವೇ ಮಾಡದಿದ್ದರೆ? ಬಹಳ ಆಳವಾಗಿ ಯೋಚಿಸಿ, ಅವರು ಮಾತ್ರೆಯ ಪಟ್ಟಿಯನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಹಳೆಯ ಫ್ಯೂಸುಗಳ ಜೊತೆ ಮಲಗಿಸಿದರು. ಹೆಂಡತಿಗೆ ಮಾತ್ರ ನುಂಗುತ್ತಿದ್ದೇನೆ ಎಂದರು.

ಇಂಥ ಸಮಯದಲ್ಲೇ ಪೌಡರ್ ಅವರ ಶಿಷ್ಯನಾಗಿ ಬಂದ. ಬಸ್ ನಿಲ್ದಾಣದ ಎದುರು ಅವನಿಗೆ ಒಂದು ಅಂಗಡಿ. ಮೈ ಬೆಳೆಸುವ ಪುಡಿಗಳ ಡಬ್ಬಗಳು ನೆಲದಿಂದ ಸೂರಿನವರೆಗೆ. ಪ್ರತಿ ಡಬ್ಬದ ಮೇಲೂ ಕತ್ತಿಲ್ಲದ ಒಬ್ಬ ಗಂಡಸು. ಊರು ಅವನನ್ನು ಪೌಡರ್ ಎಂದೇ ಕರೆಯುತ್ತಿತ್ತು. ಕ್ಲಚ್ಚು ಬಿಡಲು ಬಾರದಿದ್ದರೂ ದೇಹಶಾಸ್ತ್ರ ಅವನಿಗೆ ನೀರು ಕುಡಿದಷ್ಟು ಸಲೀಸು. ಮೇಷ್ಟ್ರ ದುಃಖ ಕೇಳಿ ಅವನು ನಡುರಸ್ತೆಯಲ್ಲೇ ಕಾರು ನಿಲ್ಲಿಸಿದ. ನಿಲ್ಲಿಸಿದ್ದಲ್ಲ, ನಿಂತುಹೋಯಿತು.

“ಮೇಷ್ಟ್ರೇ, ಅವ್ರು ಕೊಟ್ಟಿರೋದು ಔಷಧ. ನಾನು ಕೊಡೋದು ವಿಟಮಿನ್.”

“ಏನಪ್ಪಾ ವ್ಯತ್ಯಾಸ?”

“ಔಷಧ ಕಾಯಿಲೆಯವರಿಗೆ. ವಿಟಮಿನ್ ಬುದ್ಧಿವಂತರಿಗೆ.”

ತಾನು ಯಾವ ಗುಂಪಿಗೆ ಸೇರಿದವನು ಎಂದು ತೀರ್ಮಾನಿಸಲು ಮೇಷ್ಟ್ರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆ ವಿಟಮಿನ್ನಿನ ಹೆಸರು ನಯಾಸಿನ್; ಮನೆಹೆಸರು ಬಿ-ತ್ರೀ. ಕಡಲೆಕಾಯಿ, ಮೀನು, ಮಾಂಸ, ಕಾಳುಗಳಲ್ಲಿ ನಮಗೆ ಬೇಕಾದಷ್ಟು ಅದು ಸಿಕ್ಕೇ ಸಿಗುತ್ತದೆ. ಡಬ್ಬಿಯ ಒಂದು ಮಾತ್ರೆಯಲ್ಲಿ ಮಾತ್ರ ದಿನಕ್ಕೆ ಬೇಕಾದದ್ದರ ಎಷ್ಟೋ ಪಟ್ಟು ಇತ್ತು. ಅಷ್ಟು ತಗೊಂಡರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ, ಒಳ್ಳೆಯದು ಏರುತ್ತದೆ ಎಂದು ಪೌಡರ್ ವಿವರಿಸಿದ. ಮೇಷ್ಟ್ರು ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಶಿಷ್ಯರಿಗೆ ಹೇಳತೊಡಗಿದರು: ಕೆಟ್ಟ ಕೊಲೆಸ್ಟ್ರಾಲ್ ಎಂದರೆ ರಸ್ತೆಬದಿ ಅಡ್ಡಾದಿಡ್ಡಿ ನಿಲ್ಲಿಸಿದ ಲಾರಿ. ಒಳ್ಳೆಯದು ಎಂದರೆ ಅದನ್ನು ಎಳೆದೊಯ್ಯುವ ಕ್ರೇನು. ಕ್ರೇನು ಹೆಚ್ಚಾದರೆ ರಸ್ತೆ ಖಾಲಿ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ, ಅದು ನಿಜವಾಗಿರಬೇಕಾದ ಅಗತ್ಯವೇ ಯಾರಿಗೂ ಕಾಣಲಿಲ್ಲ.

“ಕಡಲೆಕಾಯಿ ತಿಂದ್ರೂ ಇದು ಸಿಗುತ್ತಂತಲ್ರೀ,” ಎಂದರು ಹೆಂಡತಿ, ಮಿಷನ್ನಿನ ಮೇಲಿಂದ ತಲೆಯೆತ್ತದೆ. ಡಾಕ್ಟರರ ಮಾತ್ರೆಯ ಜೊತೆಗೆ ಇದೂ ಒಂದು ಎಂದುಕೊಂಡಿದ್ದರು ಅವರು.

“ಕಡಲೆಕಾಯಲ್ಲಿ ಇರೋದು ಹನಿ ಕಣೇ. ಡಬ್ಬೀಲಿರೋದು ಹೊಳೆ.”

“ಹೊಳೆ ಮನೆಯೊಳಗೆ ಬಂದ್ರೆ ಒಳ್ಳೇದಾ?”

ಹೆಂಗಸರಿಗೆ ವಿಜ್ಞಾನ ತಿಳಿಯುವುದಿಲ್ಲ ಎಂದು ಮೇಷ್ಟ್ರು ಮುಗುಳ್ನಕ್ಕರು.

ಮೊದಲ ಮಾತ್ರೆ ನುಂಗಿದ ದಿನ ಬೆಳಗಿನ ಪಾಠ ಲೈಬ್ರರಿ ಮೇಡಮ್ಮಿನದು. ಬದುಕೆಲ್ಲ ಪುಸ್ತಕಗಳ ನಡುವೆ ಪಿಸುಗುಟ್ಟಿ ಪಿಸುಗುಟ್ಟಿ ಅವರಿಗೆ ಗಂಟಲು ಇರುವುದೇ ಮರೆತುಹೋಗಿತ್ತು. ಹಾರ್ನ್ ಒತ್ತುವುದು ಅಸಭ್ಯತೆ ಎಂದು ನಂಬಿದ್ದರು. ದಾರಿಗೆ ಅಡ್ಡ ಬಂದ ಹಸುವಿಗೂ ಗಾಜಿನೊಳಗಿಂದಲೇ “ದಯವಿಟ್ಟು” ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಫೇಲಾಗಿದ್ದರು.

ಕಾರು ಅಂಚೆ ಕಚೇರಿಯ ತಿರುವಿಗೆ ಬಂದಾಗ ಮೇಷ್ಟ್ರ ನೆತ್ತಿಯಲ್ಲಿ ಇರುವೆ ಹರಿದಂತಾಯಿತು. ಕಿವಿ ಕಾದವು. ಕುತ್ತಿಗೆಯಿಂದ ಬಿಸಿ ಏರಿ ಕೆನ್ನೆಗೆ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಕೆಂಡ. ಇದು ಈ ವಿಟಮಿನ್ನಿನ ಮಾಮೂಲಿ ಚಾಳಿ. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಕೆಂಪೇರುತ್ತದೆ, ಉರಿಯುತ್ತದೆ, ತುರಿಸುತ್ತದೆ, ಒಂದು ಗಂಟೆಯಲ್ಲಿ ಇಳಿಯುತ್ತದೆ. ಇದನ್ನು ಹೇಳುವುದು ಪೌಡರ್‌ಗೆ ಮರೆತಿತ್ತು. ಮೇಷ್ಟ್ರು ಹಲ್ಲು ಕಚ್ಚಿ, ಕಿಟಕಿಯ ಹಿಡಿ ಹಿಡಿದು, ತುಟಿ ಪಿಟಕ್ಕೆನ್ನದೆ ಕೂತರು.

ಲೈಬ್ರರಿ ಮೇಡಂ ಓರೆಗಣ್ಣಿನಲ್ಲಿ ನೋಡಿದರು. ಸಾಧುಮನುಷ್ಯ ಕೆಂಡಾಮಂಡಲವಾಗಿದ್ದಾನೆ. ಜೀವ ಬಾಯಿಗೆ ಬಂತು. “ಕ್ಷಮಿಸಿ ಸಾರ್,” ಎಂದು ಪಿಸುಗುಟ್ಟಿ, ಜೀವನದಲ್ಲಿ ಮೊದಲ ಬಾರಿಗೆ ತಾವೇ ಬ್ರೇಕ್ ಒತ್ತಿದರು. ಕಾರು ಗೆರೆಯ ಹಿಂದೆ ನಿಂತಿತು. ಸಿಗ್ನಲ್ ಹಾಕಿದರು, ಕನ್ನಡಿ ನೋಡಿದರು, ಒಂದು ಕಂಬಕ್ಕೂ ತಾಗಿಸದೆ ರಿವರ್ಸ್ ತೆಗೆದರು. ಮೇಷ್ಟ್ರ ಕಾಲಿಗೆ ಆ ದಿನ ಕೆಲಸವೇ ಇರಲಿಲ್ಲ.

ವಾರದೊಳಗೆ ಸುದ್ದಿ ಹಬ್ಬಿತು. ಬ್ರೇಕ್ ಮೇಷ್ಟ್ರು ಬದಲಾಗಿದ್ದಾರೆ, ಮಾತಾಡಲ್ಲ, ಬರೀ ಕೆಂಪಾಗ್ತಾರೆ. ಕಲಿಯುವವರು ತಾವೇ ಬ್ರೇಕ್ ಒತ್ತತೊಡಗಿದರು, ಆದ್ದರಿಂದ ಪಾಸಾಗತೊಡಗಿದರು. ಭಾವಮೈದುನನಿಗೆ ಆಕಾಶ ಮೂರೇ ಗೇಣು.

“ಯಾವಾಗಿಂದ ಶುರು ಭಾವ, ಈ ಸಿಟ್ಟು?”

“ಸಿಟ್ಟಲ್ಲ ಕಣೋ. ಬಿ-ತ್ರೀ.”

“ಏನಾದ್ರೂ ಆಗ್ಲಿ. ನಿಲ್ಲಿಸ್ಬೇಡಿ.” ಮರುದಿನದಿಂದ ದಡ್ಡ ಶಿಷ್ಯರನ್ನೆಲ್ಲ ಅವನು ಮೇಷ್ಟ್ರು ಕೆಂಪಾಗುವ ಹೊತ್ತಿಗೇ ಹೊಂದಿಸಿ ಕಳಿಸಿದ. ವೈದ್ಯಕೀಯವನ್ನು ಇಷ್ಟು ದಕ್ಷವಾಗಿ ಬಳಸಿಕೊಂಡವರು ಕಡಿಮೆ.

ಕೆಲವು ತಿಂಗಳ ನಂತರ ಮೇಷ್ಟ್ರು ಯಾರಿಗೂ ಹೇಳದೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರು. ಪೌಡರ್ ಸುಳ್ಳು ಹೇಳಿರಲಿಲ್ಲ. ಕೆಟ್ಟದ್ದು ಇಳಿದಿತ್ತು, ಒಳ್ಳೆಯದು ಏರಿತ್ತು. ಮೇಷ್ಟ್ರು ಎದೆಯುಬ್ಬಿಸಿಕೊಂಡು ಟೈರ್ ಅಂಗಡಿಯವನಿಗೂ ರಿಪೋರ್ಟು ತೋರಿಸಿದರು. ಪೌಡರ್ ಅದನ್ನು ಹಿಡಿದು ನಿಂತ ಮೇಷ್ಟ್ರ ಫೋಟೋ ತೆಗೆದು ದೊಡ್ಡದು ಮಾಡಿಸಿ, ಕತ್ತಿಲ್ಲದ ಗಂಡಸರ ಪಕ್ಕ ತೂಗುಹಾಕಿದ. ಅಂಗಡಿಯಲ್ಲಿ ಕತ್ತಿರುವ ಏಕೈಕ ಪುರುಷನೆಂಬ ಗೌರವ ಮೇಷ್ಟ್ರದಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಬೇರೆ ಕತೆ. ಆದರೆ ಮೈ ಎಂಬುದು ಎಲ್ಲಕ್ಕೂ ಒಗ್ಗಿಕೊಳ್ಳುವ ಪ್ರಾಣಿ. ದಿನ ಕಳೆದಂತೆ ಕೆಂಪು ತಿಳಿಯಾಯಿತು, ಉರಿ ಆರಿತು. ಶಿಷ್ಯರು ಮತ್ತೆ ಕಾಲು ಮಡಚಿ ಕೂತರು. ಮೇಷ್ಟ್ರ ಕಾಲು ಮತ್ತೆ ದುಡಿಯತೊಡಗಿತು. ಭಾವಮೈದುನ ಮುಖ ಸಣ್ಣದು ಮಾಡಿಕೊಂಡ. ಮೇಷ್ಟ್ರಿಗೆ ಕಾಡಿದ್ದು ಬೇರೆಯೇ: ಕೆಂಪಿಲ್ಲ ಎಂದರೆ ಮಾತ್ರೆಗೆ ಶಕ್ತಿ ಇಲ್ಲ. ಶಕ್ತಿ ಇಲ್ಲ ಎಂದರೆ ಕ್ರೇನು ನಿಂತಿದೆ. ಕ್ರೇನು ನಿಂತರೆ ಅಣ್ಣನ ಭಾನುವಾರ ದೂರವಿಲ್ಲ.

ಪೌಡರ್ ಹೊಸ ಡಬ್ಬಿ ತಂದ. “ಇದು ನಿಧಾನಕ್ಕೆ ಕರಗೋದು ಮೇಷ್ಟ್ರೇ. ಮೈ ಕೆಂಪಾಗಲ್ಲ. ಒಳಗೊಳಗೇ ಕೆಲ್ಸ ಮಾಡುತ್ತೆ.”

“ಎಷ್ಟು ತಗೋಬೇಕು?”

“ವಿಟಮಿನ್ ಅಲ್ವಾ, ಹೆಚ್ಚಾದ್ರೆ ಮೂತ್ರದಲ್ಲಿ ಹೋಗುತ್ತೆ ಬಿಡಿ.”

ಮೇಷ್ಟ್ರು ಬೆಳಗ್ಗೆ ಎರಡು, ರಾತ್ರಿ ಎರಡು ನುಂಗಿದರು. ಒಳಗೊಳಗೇ ಕೆಲಸ ಮಾಡುತ್ತದೆ ಎಂದು ಪೌಡರ್ ಹೇಳಿದ್ದನಲ್ಲ, ಆ ಒಂದು ಮಾತು ಅಕ್ಷರಶಃ ನಿಜವಾಯಿತು.

ಮೊದಲು ಹಸಿವು ಹೋಯಿತು. ತಟ್ಟೆಯ ಮುಂದೆ ಕೂತರೆ ಹೊಟ್ಟೆ ತೊಳಸುತ್ತಿತ್ತು. ಆಮೇಲೆ ಸುಸ್ತು, ಸಿಗ್ನಲ್ ಕೆಂಪಾಗಿ ಹಸಿರಾಗುವಷ್ಟರಲ್ಲಿ ಮೇಷ್ಟ್ರು ಒಂದು ನಿದ್ದೆ ತೆಗೆಯುತ್ತಿದ್ದರು. ಹೆಂಡತಿ ಒಂದು ಸಂಜೆ ಪರದೆಯ ಅಂಚು ಹೊಲಿಯುವುದನ್ನು ನಿಲ್ಲಿಸಿ ಅವರ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿದರು.

“ಕಣ್ಣು ಹಳದಿ ಆಗಿದೆ ರೀ.”

“ನಿನ್ನ ಪರದೆ ಬಣ್ಣ ಬಿದ್ದಿರ್ಬೇಕು.”

“ನನ್ನ ಪರದೆ ನೀಲಿ.”

ನಾಳೆ ಡಾಕ್ಟರ ಹತ್ತಿರ ಹೋಗೋಣ ಎಂದರು ಹೆಂಡತಿ. ನಾಳೆ ಲೈಬ್ರರಿ ಮೇಡಮ್ಮಿನ ಪಾಠ ಇದೆ, ಅವರು ಹೆದರಿ ಮುಂದೂಡುತ್ತಲೇ ಬಂದ ಮೂರನೇ ಪರೀಕ್ಷೆ ಹತ್ತಿರ ಬಂತು, ಮುಗಿಸಿಕೊಂಡು ಹೋಗೋಣ ಎಂದರು ಮೇಷ್ಟ್ರು. ಸಾಯುವ ಭಯ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗುವ ಭಯದ ಮುಂದೆ ಅದು ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಮರುದಿನ ಕಾರು ಪಾರ್ಕಿನ ಬಳಿಯ ಸರ್ಕಲ್ಲಿಗೆ ಬಂತು. ಲೈಬ್ರರಿ ಮೇಡಂ ಸ್ವಲ್ಪ ವೇಗದಲ್ಲಿದ್ದರು. ಪಕ್ಕದ ಮುಖದಲ್ಲಿ ಕೆಂಪು ಕಾಣದೆ ಎಷ್ಟೋ ದಿನವಾಗಿತ್ತು, ಆದ್ದರಿಂದ ನಿರಾಳವಾಗಿ ಮೇಷ್ಟ್ರ ಬ್ರೇಕಿಗೆ ಕಾದರು. ಮೇಷ್ಟ್ರು ಕಾಲು ಎತ್ತಬೇಕೆಂದುಕೊಂಡರು. ಕಾಲು ಏಳಲಿಲ್ಲ. ಕಾರು ಕಟ್ಟೆ ಹತ್ತಿ, ಹೂವಿನ ಪಾತಿಗೆ ನುಗ್ಗಿ, ‘ಹೂ ಕೀಳಬಾರದು’ ಎಂಬ ಫಲಕವನ್ನು ಕಿತ್ತು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಹೂವುಗಳನ್ನು ಬಿಟ್ಟು.

“ಸಾರ್, ನೀವು ಬ್ರೇಕ್ ಹಾಕ್ಲಿಲ್ಲ.”

“ನೀವೇ ಹಾಕ್ಬೇಕಲ್ವಾ ಮೇಡಂ.”

“ನೀವು ಹಾಕ್ತೀರಲ್ಲ ಯಾವಾಗ್ಲೂ…”

ಮೇಷ್ಟ್ರು ಬಾಗಿಲು ತೆರೆದು ಪಾತಿಯೊಳಗೇ ವಾಂತಿ ಮಾಡಿಕೊಂಡರು. ಎದ್ದು ಕೂರಲು ಹೋಗಿ ಸೀಟಿಗೆ ಒರಗಿಬಿಟ್ಟರು. ಲೈಬ್ರರಿ ಮೇಡಂ ಹಗಲು ಬೆಳಕಿನಲ್ಲಿ ಅವರ ಕಣ್ಣು ನೋಡಿದರು. ಆಮೇಲೆ ರಿವರ್ಸ್ ಹಾಕಿ, ಕಟ್ಟೆಯಿಂದ ದಡಕ್ಕನೆ ಇಳಿಸಿ, ಆಸ್ಪತ್ರೆಯ ಕಡೆ ತಿರುಗಿಸಿದರು. ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

“ಮೂರನೇ ಗೇರು…” ಮೇಷ್ಟ್ರು ಕಣ್ಣು ಮುಚ್ಚಿಯೇ ಗೊಣಗಿದರು. “ಇಂಜಿನ್ ಅರಚ್ತಾ ಇದೆ…”

“ಬಾಯ್ಮುಚ್ಕೊಂಡು ಕೂತ್ಕೊಳ್ಳಿ ಸಾರ್!” ಎಂದು ಅವರು ಕಿರುಚಿದ್ದು ರಸ್ತೆಯ ಆಚೆ ಬದಿಗೂ ಕೇಳಿಸಿತಂತೆ.

ಆಸ್ಪತ್ರೆಯ ಹಾಸಿಗೆಯ ಪಕ್ಕ ಡಾಕ್ಟರಮ್ಮ ಹೊಸ ರಿಪೋರ್ಟು ಹಿಡಿದು ನಿಂತಾಗ ಮೇಷ್ಟ್ರ ಹೆಂಡತಿಯೂ ಬಂದಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೋಳಿಗೆ ನೀಲಿ ದಾರ ಅಂಟಿತ್ತು.

“ಅಭಿನಂದನೆಗಳು,” ಎಂದರು ಡಾಕ್ಟರಮ್ಮ. “ನಿಮ್ಮ ಒಳ್ಳೇ ಕೊಲೆಸ್ಟ್ರಾಲ್ ತುಂಬಾ ಚೆನ್ನಾಗಿದೆ. ಲಿವರ್ ಮಾತ್ರ ಊದಿಕೊಂಡಿದೆ, ಸಕ್ಕರೆ ಏರಿದೆ. ಏನು ನುಂಗ್ತಿದ್ರಿ?”

ಮೇಷ್ಟ್ರು ಹೇಳಿದರು. ಕ್ರೇನಿನ ವಿಷಯವನ್ನೂ ಹೇಳಿದರು.

“ನೋಡಿ, ಒಂದು ಕಾಲದಲ್ಲಿ ನಾವೂ ಇದನ್ನ ಬರೀತಿದ್ವಿ,” ಎಂದರು ಡಾಕ್ಟರಮ್ಮ. “ಆಮೇಲೆ ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿದ್ರು. ಮಾಮೂಲಿ ಮಾತ್ರೆ ಜೊತೆ ಇದನ್ನೂ ಕೊಟ್ರು. ನಂಬರ್ ಚೆಂದ ಆಯ್ತು. ಹಾರ್ಟ್ ಅಟ್ಯಾಕ್ ಕಡಿಮೆ ಆಗ್ಲಿಲ್ಲ. ತೊಂದರೆಗಳು ಜಾಸ್ತಿ ಆದ್ವು. ಈ ನಿಧಾನಕ್ಕೆ ಕರಗೋದಂತೂ ಲಿವರ್‌ಗೆ ಇನ್ನೂ ಕಷ್ಟ. ನಿಮ್ಮ ಕ್ರೇನು ಓಡಾಡ್ತಿತ್ತು, ಸರಿ. ಲಾರಿ ಎಳೀತಿತ್ತು ಅಂತ ಯಾರು ಹೇಳಿದ್ದು?”

“ವಿಟಮಿನ್ ಅಲ್ವಾ ಡಾಕ್ಟ್ರೇ…”

“ಆ ಪ್ರಮಾಣದಲ್ಲಿ ಅದು ವಿಟಮಿನ್ ಅಲ್ಲ, ಔಷಧಾನೇ. ಬರೆದುಕೊಟ್ಟವರು ಇಲ್ಲ, ಲಿವರ್ ನೋಡ್ಕೊಂಡವರೂ ಇಲ್ಲ, ಅಷ್ಟೇ ವ್ಯತ್ಯಾಸ. ನಾನು ಕೊಟ್ಟ ಮಾತ್ರೆ ಏನಾಯ್ತು?”

ಮೇಷ್ಟ್ರು ಛಾವಣಿ ನೋಡಿದರು. ಹೆಂಡತಿ ಅವರನ್ನು ನೋಡಿದರು. ಫ್ಯೂಸುಗಳ ನಡುವೆ ಮಲಗಿದ್ದ ಮಾತ್ರೆಯ ಕತೆ ಒಂದೊಂದೇ ಮಾತಾಗಿ ಹೊರಬಿತ್ತು.

ಸಮಯಕ್ಕೆ ಬಂದಿರಿ, ನಿಲ್ಲಿಸಿದರೆ ಲಿವರ್ ಸುಧಾರಿಸುತ್ತದೆ, ಅದು ಸುಧಾರಿಸಿದ ಮೇಲೆ ಹಳೇ ಮಾತ್ರೆ ಶುರು ಮಾಡೋಣ ಎಂದು ಹೇಳಿ ಡಾಕ್ಟರಮ್ಮ ಹೋದರು. ಹೆಂಡತಿ ಬಯ್ಯುತ್ತಾರೆ ಎಂದು ಮೇಷ್ಟ್ರು ಕಾದರು. ಅವರು ತೋಳಿನ ದಾರ ಬಿಡಿಸುತ್ತ ಬೇರೆ ಮಾತು ತೆಗೆದರು.

“ಆ ಲೈಬ್ರರಿಯವ್ರು ಇಲ್ದೆ ಇದ್ದಿದ್ರೆ?”

“ಇದ್ರಲ್ಲ.”

“ಮನೇಲಿ ಆಗಿದ್ರೆ ರೀ? ನಾನೊಬ್ಳೇ ಇದ್ದಾಗ?” ಅವರ ದನಿ ಏರಲಿಲ್ಲ. “ನಿಮ್ಮಣ್ಣ ಬಿದ್ದಾಗ ಅವ್ರ ಕಾರು ಗೇಟಿನ ಹತ್ರಾನೇ ನಿಂತಿತ್ತು. ಬೀಗದ ಕೈ ಮೊಳೇಲಿ ತೂಗಾಡ್ತಿತ್ತು. ನಿಮ್ಮತ್ತಿಗೆ ರಸ್ತೇಲಿ ನಿಂತು ಬಂದ ಬಂದ ಗಾಡಿಗೆಲ್ಲ ಕೈ ಮುಗಿದ್ರು. ನೀವು ಊರಿನ ಆ ತುದೀಲಿ ಯಾರಿಗೋ ರಿವರ್ಸ್ ಕಲಿಸ್ತಿದ್ರಿ. ಊರಿಗೆಲ್ಲ ಕಾರು ಕಲಿಸ್ದೋರು. ನಮ್ಮಿಬ್ರಿಗೆ ಕಲಿಸ್ಬೇಕು ಅಂತ ಒಂದ್ ದಿನ ಅನ್ನಿಸ್ಲಿಲ್ವಾ?”

ಮೇಷ್ಟ್ರಿಗೆ ನಿಜವಾಗಿಯೂ ಅನ್ನಿಸಿರಲಿಲ್ಲ. ಅಣ್ಣನ ರಕ್ತದಲ್ಲಿ ಏನಿತ್ತು ಎಂದು ಅವರು ರಾತ್ರಿಯೆಲ್ಲ ಯೋಚಿಸಿದ್ದರು. ಅಣ್ಣನ ಮನೆಯ ಗೇಟಿನಲ್ಲಿ ಏನಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕಣ್ಣಿನ ಹಳದಿ ವಾರಗಟ್ಟಲೆ ಕಾಯಿಸಿ ಇಳಿಯಿತು. ಸಣ್ಣ ಬಿಳಿ ಮಾತ್ರೆಯನ್ನು ಹೆಂಡತಿ ದಿನಾ ತಮ್ಮ ಕಣ್ಣೆದುರೇ ನುಂಗಿಸಿ, ನಾಲಿಗೆ ಎತ್ತಿಸಿ ನೋಡತೊಡಗಿದರು. ಸುದ್ದಿ ಕೇಳಿದ ಪೌಡರ್, “ಎಲ್ರ ಬಾಡಿನೂ ಒಂದೇ ಥರ ಇರಲ್ಲ ಮೇಷ್ಟ್ರೇ,” ಎಂದು ತತ್ವ ಹೇಳಿದ. ರಿಪೋರ್ಟಿನ ಫೋಟೋ ಮಾತ್ರ ಗೋಡೆಯಿಂದ ಇಳಿಸಲಿಲ್ಲ. ನಂಬರ್ ಸುಳ್ಳಲ್ಲವಲ್ಲ. ಲೈಬ್ರರಿ ಮೇಡಂ ಮೂರನೇ ಸಲ ಪಾಸಾದರು. ಈಗ ಲೈಬ್ರರಿಯಲ್ಲಿ ಯಾರಾದರೂ ಮಾತಾಡಿದರೆ ಅವರು ಪಿಸುಗುಟ್ಟುವುದಿಲ್ಲವಂತೆ.

ಹೆಂಡತಿಗೂ ಅತ್ತಿಗೆಗೂ ಪಾಠ ಶುರುವಾದದ್ದು ಅಣ್ಣನ ಕಾರಿನಲ್ಲಿ. ಅದು ಅತ್ತಿಗೆಯ ಮನೆಯ ಮುಂದೆ ಟಾರ್ಪಾಲು ಹೊದ್ದು ಅಣ್ಣ ಹೋದ ದಿನದಿಂದ ನಿಂತೇ ಇತ್ತು. ಟೈರಿಗೆ ಗಾಳಿ ಹೊಡೆಸಿ, ಬ್ಯಾಟರಿ ಬದಲಿಸಿ, ಹೆಂಡತಿ ಸ್ಟಿಯರಿಂಗ್ ಮುಂದೆ ಕೂತರು. ತಮ್ಮ ಸರದಿಗೆ ಕಾಯುತ್ತ ಅತ್ತಿಗೆ ಹಿಂದೆ ಕೂತರು.

“ಸ್ಕೂಲ್ ಕಾರು ತರ್ತೀನಿ ಕಣೇ,” ಎಂದು ಮೇಷ್ಟ್ರು ಬೇಡಿಕೊಂಡರು. “ಇದ್ರಲ್ಲಿ ನನ್ನ ಕಡೆ ಬ್ರೇಕಿಲ್ಲ.”

“ಇಲ್ದಿರೋದೇ ಒಳ್ಳೇದು,” ಎಂದರು ಹೆಂಡತಿ.

“ನೀನು ಅಲ್ಲಾಡ್ದೆ ಕೂತ್ಕೊಳ್ಳಪ್ಪ ಮೈದುನ,” ಎಂದರು ಹಿಂದಿನಿಂದ ಅತ್ತಿಗೆ. “ಅವಳು ಹೊಲಿಗೆ ಮಿಷನ್ ಓಡಿಸ್ದೋಳು. ಕಾಲಿಗೆ ಬುದ್ಧಿ ಇದೆ.”

ಮೊದಲು ಮೈದಾನ, ಆಮೇಲೆ ಗಲ್ಲಿ, ಆಮೇಲೆ ದೊಡ್ಡ ರಸ್ತೆ ಎಂಬುದು ಮೇಷ್ಟ್ರ ಪಾಠಕ್ರಮ. ಹೆಂಡತಿ ಅದನ್ನು ಮೂಲೆಗಿಟ್ಟು, ಕಲಿಯುವುದಾದರೆ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿ, ಬೇರೆ ಬೇಡ ಎಂದುಬಿಟ್ಟರು. ದಿನಾ ಬೆಳಗ್ಗೆ ಅದೇ ದಾರಿ: ಹಾಲಿನ ಬೂತು, ಅಂಚೆ ಕಚೇರಿ, ಹೊಸದಾಗಿ ಹೂ ನೆಟ್ಟ ಸರ್ಕಲ್, ಆಸ್ಪತ್ರೆಯ ಗೇಟು, ವಾಪಸ್. ಗೇಟಿನ ಕಾವಲುಗಾರ ಮೊದಮೊದಲು ಗಾಲಿಕುರ್ಚಿ ತಳ್ಳಿಕೊಂಡು ಓಡಿಬರುತ್ತಿದ್ದ. ಈಗ ಕೈ ಬೀಸುತ್ತಾನೆ.

ಮೇಷ್ಟ್ರು ಅಣ್ಣನ ವಯಸ್ಸನ್ನು ದಾಟಿದ್ದು ಅಂಥದ್ದೇ ಒಂದು ಬೆಳಗ್ಗೆ, ಆ ಗೇಟಿನ ಮುಂದೆ ಕಾರು ಆಫ್ ಆಗಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದಾಗ. ಅವರಿಗೆ ಅದು ನೆನಪಾಗಲಿಲ್ಲ; ಕ್ಲಚ್ಚನ್ನು ಹಾಗೆ ಬಿಡಬಾರದೆಂದು ಬೊಬ್ಬೆ ಹೊಡೆಯುತ್ತಿದ್ದರು. ಹೆಂಡತಿಗೆ ನೆನಪಿತ್ತು. ಕನ್ನಡಿಯಲ್ಲಿ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಕಿಟಕಿಯ ಕಡೆ ತಿರುಗಿಕೊಂಡರು. ಹೆಂಡತಿ ಇಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ಈ ಸಲ ಮೆಲ್ಲಗೆ ಬಿಟ್ಟು, ಮನೆಯ ಕಡೆ ತಿರುಗಿಸಿದರು.